ತದಡಿಯಿಂದ ಮಿರ್ಜಾನಿಗೆ ಎಂಜಿನ್ ಇಲ್ಲದ ದೋಣಿ: ನನ್ನ ಅನುಭವ

ಬರೀ ಹುಟ್ಟು ಹಾಕಿ, ಅಘನಾಶಿನಿ ಹೊಳೆ ಕಡಲು ಸೇರುವಲ್ಲಿರುವ ತದಡಿಯಿಂದ ಹೊಳೆಗುಂಟ ಮೇಲೆ ಹೋಗಿ ಮಿರ್ಜಾನ್ ಕೋಟೆ ನೋಡಿ ಅದೇ ದಿನ ವಾಪಸಾಗಲು ಆಗದು ಎಂದವರೇ ಹೆಚ್ಚು. ಈ ಹಂಗಾಮಿನಲ್ಲಿ ನಾಲ್ಕು ಸಲ ಮಾಡಿದೆ. ಎಂಟು-ಹತ್ತು ಕಿಲೋಮೀಟರ್ ದೂರಕ್ಕಿಂತ ಭರತ-ಇಳಿತದ ಹೊತ್ತೇ ಮುಖ್ಯ.

ಮೊದಲು ಕೆಟ್ಟದ್ದು ರಜೆ ನೋಡಿ ಹೊರಟಿದ್ದಕ್ಕೆ. ಅಷ್ಟಮಿಯ ಆಸುಪಾಸಿನಲ್ಲಿ ಬೆಳಿಗ್ಗೆಯಿಡೀ ಇಳಿತ, ನೀರು ಎದುರಿಗೆ. ಎರಡನೆಯದು ಕೋಟೆಯಲ್ಲಿ ಎರಡು ಗಂಟೆವರೆಗೆ ಉಳಿದದ್ದಕ್ಕೆ. ಮಧ್ಯಾಹ್ನದ ಪಡುಗಾಳಿ ಇಳಿತಕ್ಕೆ ಎದುರಾದರೆ ಅಳಿವೆ ಬಾಯಲ್ಲಿ ಗಿಡ್ಡ, ಕಡಿದಾದ ಅಲೆ ಏಳುತ್ತದೆ. ತಪ್ಪಿಸಲು ಬದಿಗೆ ಸರಿದರೆ ಬೆಳಚಿನ (ಚಿಪ್ಪುಮೀನಿನ) ದಿಬ್ಬದ ಕೆಸರು; ದೋಣಿ ಅಲ್ಲೇ ಹೂತಿತು. ಎಳೆಸಿಕೊಂಡು ಬರಲು ಎಂಜಿನ್ ದೋಣಿಗೆ ಎರಡೂವರೆ ಸಾವಿರ ಹೋಯಿತು. ಮೂರು ತಾಸು ಕಾದಿದ್ದರೆ ದುಡ್ಡು ಉಳಿಯುತ್ತಿತ್ತು, ಆದರೆ ಕತ್ತಲಾಗುತ್ತಿತ್ತು.

ಈಗ ಹುಣ್ಣಿಮೆ, ಅಮಾವಾಸ್ಯೆ ಅಥವಾ ಮಾರನೇ ದಿನವೇ ಆಯ್ಕೆ, ಅದೂ ನವೆಂಬರಿನಿಂದ ಫೆಬ್ರವರಿಯೊಳಗೆ. ಆಗ ನಸುಕಿನಲ್ಲಿ ಇಳಿತ ಮುಗಿದು ಹನ್ನೊಂದರ ಸುಮಾರಿಗೆ ಭರತ ತುಂಬುತ್ತದೆ. ಹೊತ್ತು ತಿಳಿಯಲು ಕಾರವಾರದ ಭರತ-ಇಳಿತದ ಪಟ್ಟಿ ಸಾಕು. ಆದರೆ ಹೊತ್ತಿನ ಜೊತೆ ಎತ್ತರವನ್ನೂ ನೋಡಿ, ಈ ಕರಾವಳಿಯಲ್ಲಿ ದಿನದ ಎರಡು ಭರತ ಸಮನಾಗಿರುವುದಿಲ್ಲ. ಏಳಕ್ಕೆ ಹೊರಟರೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರು ಇನ್ನೂ ಕಾಣುತ್ತಿರುತ್ತದೆ; ಒಂಬತ್ತರ ಮೇಲೆ ಹೋದವರಿಗೆ ಹಸಿರು ತಲೆ ಮಾತ್ರ. ಕೆಸರಿಗಿಳಿಯುವುದಾದರೆ ದಪ್ಪ ಅಡಿಯ ಬೂಟು ಬೇಕೇ ಬೇಕು, ಸಿಂಪಿ ಚಿಪ್ಪು ಚಪ್ಪಲಿಯನ್ನೂ ಸೀಳುತ್ತದೆ.

ನೀರಿನ ವೇಗ ಅಳೆಯಲು ಪ್ಲಾಸ್ಟಿಕ್ ಬಾಟಲಿ ತೇಲಿಬಿಟ್ಟಿದ್ದೆ, ಅದನ್ನು ಗಾಳಿಯೇ ಒಯ್ದಿತು. ಮುಕ್ಕಾಲು ಮುಳುಗುವ ತೆಂಗಿನಕಾಯಿ ನಂಬಿಕಸ್ಥ: ಜೋರು ಭರತದಲ್ಲಿ ನೂರು ಮೀಟರಿಗೆ ಸುಮಾರು ಎರಡೂವರೆ ನಿಮಿಷ. ಅಂದರೆ ತಾಸಿಗೆ ಎರಡು ಕಿಲೋಮೀಟರಿಗೂ ಹೆಚ್ಚು ಪುಕ್ಕಟೆ!

ಕೋಟೆಗೆ ದಡ ಬಿಟ್ಟು ನಡೆಯಬೇಕು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದ ಕಾಳುಮೆಣಸು ಇಲ್ಲಿಂದ ನೀರಿನ ದಾರಿಯಲ್ಲೇ ಸಾಗಿತು. ಬುರುಜು ಹತ್ತಿ ಹೊಳೆಯ ಕಡೆ ನೋಡಿದರೆ ಜಂಬಿಟ್ಟಿಗೆಯ ಈ ಕೋಟೆ ಇಲ್ಲೇಕೆ ಎದ್ದಿತು ಎಂಬುದು ಅರ್ಥವಾಗುತ್ತದೆ. ದೋಣಿ ಕಟ್ಟುವ ಜಾಗ ಮಾತ್ರ ಹೇಳುವುದಿಲ್ಲ, ಅದನ್ನು ಹುಡುಕಲು ಎರಡು ಹಂಗಾಮು ಹಿಡಿದಿದೆ.

ಹನ್ನೊಂದೂವರೆಗೆ ಹಗ್ಗ ಬಿಚ್ಚಿ. ಮರಳುವಾಗ ಗಜನಿಯ (ಒಡ್ಡು ಕಟ್ಟಿದ ಉಪ್ಪುನೀರಿನ ಗದ್ದೆಯ) ಬಾಗಿಲುಗಳಿಂದ ಇಪ್ಪತ್ತು ಮೀಟರಾದರೂ ದೂರವಿರಿ. ಇಳಿತದಲ್ಲಿ ಒಳಗಿನ ನೀರು ಅಲ್ಲಿಂದ ರಭಸವಾಗಿ ನುಗ್ಗಿ ದೋಣಿಯನ್ನು ಅಡ್ಡ ತಿರುಗಿಸುತ್ತದೆ. ಒಂದೂವರೆಯೊಳಗೆ ತದಡಿ ಮುಟ್ಟಬೇಕು, ಪಡುಗಾಳಿ ಬಲಿಯುವ ಮೊದಲೇ.