ಟಗರಿನ ತಯಾರಿ ಎರಡು ತಿಂಗಳು ಮೊದಲೇ ಶುರುವಾಗಲಿ

ಮುಂಗಾರು ಮಳೆ ಬಿದ್ದು ಹುಲ್ಲು ಚಿಗುರಿದರೆ ಕುರಿಗಳು ಬೆದೆಗೆ ಬರುವುದು ಜಾಸ್ತಿ. ಆಗ ಶಿರಹಟ್ಟಿ, ಮುಂಡರಗಿ ಕಡೆಯ ಹಟ್ಟಿಗಳಲ್ಲಿ ಟಗರಿಗೆ ದಿಢೀರ್ ಉಪಚಾರ. ಎಂಟು ದಿನ ಹಿಂಡಿ, ಗೋವಿನಜೋಳ, ಒಂದು ಬಾಟಲಿ ಟಾನಿಕ್. ಆಮೇಲೆ ಅರ್ಧ ಕುರಿ ಗಬ್ಬ ಕಟ್ಟಲಿಲ್ಲ ಎಂಬ ಸಂಕಟ. ಇದನ್ನು ನೋಡಿ ನೋಡಿಯೇ ಬರೆಯುತ್ತಿದ್ದೇನೆ.

ಮೊದಲ ಕೆಲಸ ದಿನ ಎಣಿಸುವುದು. ಎಲ್ಲರೂ ತಪ್ಪುವುದು ಇಲ್ಲೇ. ಟಗರಿನ ಬೀಜದೊಳಗೆ (ವೃಷಣದೊಳಗೆ) ಕಾಂಡಕೋಶಗಳಿವೆ, ಅಂದರೆ ಸ್ಟೆಮ್ ಸೆಲ್. ಹಗೇವಿನಿಂದ ಜೋಳ ತೆಗೆದು ಉಣ್ಣುವ ಮನೆಯವರು ಬಿತ್ತನೆಗೆ ಒಂದಿಷ್ಟು ಬೇರೆ ಇಡುತ್ತಿದ್ದರಲ್ವಾ, ಹಾಗೆ. ಈ ಕೋಶಗಳು ಒಡೆದು ಹೆಚ್ಚಾದಾಗ ಕೆಲವು ಬಿತ್ತನೆಗೆ ಉಳಿಯುತ್ತವೆ, ಉಳಿದವು ವೀರ್ಯಾಣು ಆಗಲು ಮುಂದೆ ಹೋಗುತ್ತವೆ. ಅದಕ್ಕೇ ವಯಸ್ಸಾದ ಟಗರಿಗೂ ವೀರ್ಯ ಬತ್ತುವುದಿಲ್ಲ. ಮುಂದೆ ಹೋದದ್ದು ವೀರ್ಯಾಣು ಆಗಲು ಟಗರಿನಲ್ಲಿ ಸುಮಾರು 47 ದಿನ ಬೇಕು. ಹೋರಿಯಲ್ಲಿ 61, ಮನುಷ್ಯನಲ್ಲಿ 74, ಸುಂಡಿಲಿಯಲ್ಲಿ 35. ಬೀಜಕ್ಕೆ ಅಂಟಿಕೊಂಡ ಸುರುಳಿ ನಾಳದಲ್ಲಿ ಅದು ಬಲಿಯಲು ಇನ್ನೂ ಎರಡು ವಾರ ಹಿಡಿಯಿರಿ. ಜೂನ್ 10ಕ್ಕೆ ಟಗರು ಬಿಡುವವರು ಏಪ್ರಿಲ್ 10ಕ್ಕೇ ಆರೈಕೆ ಶುರು ಮಾಡಬೇಕು.

ಈ ದಿನಗಳ ಲೆಕ್ಕ ಕೋಶದೊಳಗೇ ಇದೆ, ಟಾನಿಕ್ ಅದನ್ನು ಕಡಿಮೆ ಮಾಡುವುದಿಲ್ಲ. 1994ರಲ್ಲಿ ಅಮೆರಿಕದ ವಿಜ್ಞಾನಿ ರಾಲ್ಫ್ ಬ್ರಿನ್‌ಸ್ಟರ್ ಒಂದು ಸುಂಡಿಲಿಯ ಕಾಂಡಕೋಶಗಳನ್ನು ಇನ್ನೊಂದರ ಬೀಜದೊಳಗೆ ಹಾಕಿ ವೀರ್ಯ ಬೆಳೆಸಿ ತೋರಿಸಿದರು. ಮುಂದೆ ದೊಡ್ಡ ಇಲಿಯ ಕೋಶಗಳನ್ನೂ ಸುಂಡಿಲಿಯೊಳಗೆ ಹಾಕಿದರು. ಆ ಕೋಶಗಳು ಬೆಳೆದದ್ದು ಇಲಿಯ ಲೆಕ್ಕದಲ್ಲೇ, ಸುಂಡಿಲಿಯ ಅವಸರದಲ್ಲಲ್ಲ. ಹಾರ್ಮೋನ್ ಚುಚ್ಚುಮದ್ದಂತೂ ಬೇಡವೇ ಬೇಡ. ಹೊರಗಿನಿಂದ ಟೆಸ್ಟೋಸ್ಟಿರೋನ್ ಕೊಟ್ಟರೆ ಒಳಗಿನ ಉತ್ಪಾದನೆಯೇ ತಗ್ಗುತ್ತದೆ.

ಇನ್ನು ಕೈಯಿಂದ ಮುಟ್ಟಿ ನೋಡಿ. ಟಗರನ್ನು ನಿಲ್ಲಿಸಿ, ಹಿಂದಿನಿಂದ ಎರಡೂ ಬೀಜ ಹಿಡಿಯಿರಿ. ಮುಷ್ಟಿ ಬಿಗಿದಾಗ ಹೆಬ್ಬೆರಳಿನ ಬುಡ ಎಷ್ಟು ಗಟ್ಟಿಯೋ ಅಷ್ಟು ಗಟ್ಟಿ ಇರಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ, ಚೀಲದೊಳಗೆ ಸರಾಗವಾಗಿ ಜಾರಬೇಕು. ತುದಿಯಲ್ಲಿ ಕೈಗೆ ಸಿಗುವ ಗುಂಡನೆಯ ಉಬ್ಬು ರೋಗವಲ್ಲ, ವೀರ್ಯ ಕೂಡಿಡುವ ಜಾಗ. ಆದರೆ ಅದು ಒಂದೇ ಕಡೆ ದಪ್ಪಗಿದ್ದು, ಕಲ್ಲಿನಂತಾಗಿದ್ದರೆ ಅಥವಾ ಮುಟ್ಟಿದರೆ ಟಗರು ಒದ್ದಾಡಿದರೆ ಪಶುವೈದ್ಯರಿಗೆ ತೋರಿಸಿ. ಸುಮ್ನೆ ಕಣ್ಣಳತೆ ನಂಬಬೇಡಿ. ಅಗಲವಾದ ಕಡೆ ಟೇಪು ಸುತ್ತಿ ಅಳತೆ ಬರೆದಿಡಿ, ತಿಂಗಳಾದ ಮೇಲೆ ಮತ್ತೆ ಅಳೆಯಿರಿ.

ಜಂತು ಔಷಧ ಈಗಲೇ ಕುಡಿಸಿ, ಗೊರಸು ಕತ್ತರಿಸಿ.

ಮೇವಿಗೆ ಶೇಂಗಾ ಹಿಂಡಿ, ತೊಗರಿ ಹೊಟ್ಟು, ಸ್ವಲ್ಪ ಗೋವಿನಜೋಳ. ಹಿಂಡಿ, ಕಾಳು ಸೇರಿ ದಿನಕ್ಕೆ 200 ಗ್ರಾಂನಿಂದ ಶುರು ಮಾಡಿ, ನಿಧಾನಕ್ಕೆ 400ಕ್ಕೆ ಏರಿಸಿ. ಒಮ್ಮೆಲೇ ಕಾಳು ಸುರಿದರೆ ಹೊಟ್ಟೆ ಕೆಡುತ್ತದೆ. ಹತ್ತಿಕಾಳಿನ ಹಿಂಡಿ ಎಮ್ಮೆಗಿರಲಿ, ಟಗರಿಗೆ ನಾನು ಹಾಕಗೊಡುವುದಿಲ್ಲ. ಅದರಲ್ಲಿರುವ ಗಾಸಿಪಾಲ್ ಎಂಬ ವಿಷದಂಶ ವೀರ್ಯಕ್ಕೆ ಕೆಡುಕು.

ಏಪ್ರಿಲ್, ಮೇ ನಮ್ಮಲ್ಲಿ ಉರಿಬಿಸಿಲು. ಬೀಜ ಮೈಗಿಂತ ತಣ್ಣಗಿದ್ದರಷ್ಟೇ ಕೆಲಸ ಮಾಡುತ್ತದೆ, ಅದಕ್ಕೇ ಹೊರಗೆ ಜೋತುಬಿದ್ದಿರುವುದು. ಬೇವಿನ ನೆರಳು, ಸದಾ ನೀರು ಇರಲಿ. ಚೀಲದ ಮೇಲಿನ ಉಣ್ಣೆ ಕತ್ತರಿಸಿ. ನೀಲಿ ನಾಲಿಗೆ ರೋಗದಂಥ ಜ್ವರ ಬಂದರೆ ಬೆಳೆಯುತ್ತಿದ್ದ ಕೋಶಗಳು ಸಾಯುತ್ತವೆ. ಬಿತ್ತನೆ ಕೋಶಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ.

ಬಿಡುವ ದಿನ ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಟಗರಿನ ಎದೆಗೆ ಬಳಿಯಿರಿ. ಒಂದು ಟಗರಿಗೆ 25ರಿಂದ 30 ಕುರಿ ಸಾಕು. ಟಗರು ಹಾರಿದ ಕುರಿಯ ಬೆನ್ನು ಕೆಂಪಾಗುತ್ತದೆ. ಕುರಿ 17 ದಿನಕ್ಕೊಮ್ಮೆ ಬೆದೆಗೆ ಬರುವುದರಿಂದ ಹದಿನಾರನೇ ದಿನಕ್ಕೆ ಬಣ್ಣ ಬದಲಿಸಿ, ನೀಲಿ ಹಚ್ಚಿ. ಕೆಂಪಾಗಿದ್ದ ಬೆನ್ನುಗಳೇ ಬಹಳಷ್ಟು ನೀಲಿಯಾದರೆ ಗಬ್ಬ ಕಟ್ಟಿಲ್ಲ ಎಂದರ್ಥ, ಬೇರೆ ಟಗರು ತನ್ನಿ. ಆದರೆ ಹಳೆಯದಕ್ಕೆ ಇತ್ತೀಚೆಗೆ ಜ್ವರ ಬಂದಿತ್ತಾ ನೆನಪು ಮಾಡಿಕೊಳ್ಳಿ. ಬಂದಿದ್ದರೆ, ಬೀಜವೂ ಗಟ್ಟಿಯಿದ್ದರೆ, ಸಂತೆಗೆ ಹೊಡೆಯಬೇಡಿ. ಎರಡು ತಿಂಗಳು ಮೇಯಿಸಿ, ಮತ್ತೆ ಬಿಟ್ಟು ನೋಡಿ.