ಮಳೆ ರಜೆಯ ನೋಟಿಸು ಬೆಳಿಗ್ಗೆ ಆರಕ್ಕೇ ಏರಬೇಕು: ಶಾಲೆಯ ವೆಬ್‌ಸೈಟ್ ನಡೆಸಿದ ನನ್ನ ಅನುಭವ

ನಮ್ಮದು ಉಡುಪಿ ಜಿಲ್ಲೆಯ ಬ್ರಹ್ಮಾವರ ವಲಯದ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆ. ಇನ್ನೂರು ಚಿಲ್ಲರೆ ಮಕ್ಕಳು. ಕಂಪ್ಯೂಟರಿಗೆಂದು ಬೇರೆ ಶಿಕ್ಷಕರಿಲ್ಲ, ಗಣಿತ ಕಲಿಸುವ ನನ್ನ ತಲೆಗೇ ಅದೂ ಬಂದದ್ದು. ಶಾಲೆಯ ವೆಬ್‌ಸೈಟ್ ಹ್ಯೂಗೋದಲ್ಲಿ, ಅಂದರೆ ಬರೆದಿಟ್ಟ ಫೈಲುಗಳಿಂದ ಸಿದ್ಧ ಪುಟಗಳನ್ನು ಕಟ್ಟಿಕೊಡುವ ತಂತ್ರಾಂಶದಲ್ಲಿ, ನಡೆಯುತ್ತ ಈಗ ನಾಲ್ಕನೇ ವರ್ಷ. ವರ್ಷದ ಖರ್ಚು ಎಂಟುನೂರು ರೂಪಾಯಿಯ ಆಸುಪಾಸು, ನಾನು ಊರಲ್ಲಿಲ್ಲದಾಗಲೂ ಸುದ್ದಿ ಏರುತ್ತದೆ. "ವಾಟ್ಸ್ಯಾಪ್ ಗ್ರೂಪ್ ಇರುವಾಗ ಇದೆಲ್ಲ ಎಂತಕ್ಕೆ ಮಾಷ್ಟ್ರೇ? ಆರು ತಿಂಗಳ ಉಮೇದು ಅಷ್ಟೆ" ಎಂದಿದ್ದ ಸಂಚಾಲಕರೇ ಈಗ ಸಭೆಗಳಲ್ಲಿ ಮೊಬೈಲ್ ತೆಗೆದು ತೋರಿಸುತ್ತಾರೆ. ಹಾಗಾಗಿ ಬರೆಯುವ ಧೈರ್ಯ ಬಂತು. ಸರಳ ಗುರುತು ಹಾಕಿ ಪುಟ ಬರೆಯುವ ಮಾರ್ಕ್‌ಡೌನ್ ಎಂದರೇನು, ಫೈಲುಗಳ ಬದಲಾವಣೆ ದಾಖಲಿಸುವ ಗಿಟ್ ಎಂದರೇನು ಎಂಬ ಪಾಠ ಇಲ್ಲಿಲ್ಲ. ಅದು ಗೊತ್ತಿದ್ದೂ ಶಾಲೆಯ ಸೈಟ್ ನಡೆಸಲು ಒದ್ದಾಡುತ್ತಿರುವವರಿಗೆ ಇದು.

ಮೊದಲು ದುಡ್ಡಿನ ಕತೆ. ಹಳೆ ವಿದ್ಯಾರ್ಥಿ ಸಂಘದವರು ಹಿಂದೊಮ್ಮೆ ಹದಿನೆಂಟು ಸಾವಿರದಷ್ಟು ಕೊಟ್ಟು ಒಂದು ಕಂಪೆನಿಯಿಂದ ಸೈಟ್ ಮಾಡಿಸಿದ್ದರು. ಮುಖಪುಟದಲ್ಲಿ ಟೈ ಕಟ್ಟಿದ, ನಮ್ಮ ಶಾಲೆಯವರಲ್ಲದ ಮಕ್ಕಳ ಫೋಟೊ. ಒಂದು ಸಾಲು ಬದಲಿಸಬೇಕಾದರೆ ಐನೂರು, ಅದೂ ವಾರಗಟ್ಟಲೆ ಕಾದ ಮೇಲೆ. ಹೆಡ್‌ಮಾಷ್ಟ್ರು ನಿವೃತ್ತಿಯಾಗಿ ಒಂದು ವರ್ಷವಾದರೂ ಸೈಟಿನಲ್ಲಿ ಅವರೇ ಹೆಡ್‌ಮಾಷ್ಟ್ರು. ಕೊನೆಗೆ ಬಿಲ್ಲಿನ ವಿಷಯದಲ್ಲಿ ಮಾತಿಗೆ ಮಾತು ಬೆಳೆದಾಗ ತಿಳಿದದ್ದು, ಡೊಮೇನ್ (ಸೈಟಿನ ವಿಳಾಸ) ಇದ್ದದ್ದೇ ಆ ಕಂಪೆನಿಯವರ ಹೆಸರಿನಲ್ಲಿ. ಹೆಸರೂ ಹೋಯಿತು, ಹಣವೂ ಹೋಯಿತು.

ಆಮೇಲೆ ನಾನೇ, ಲಾಗಿನ್ ಆಗಿ ಸೈಟ್ ನಡೆಸುವ ವರ್ಡ್‌ಪ್ರೆಸ್ ಹಾಕಿದೆ. ವರ್ಡ್‌ಪ್ರೆಸ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ದಿನವೂ ನೋಡಿಕೊಳ್ಳುವ ಜನ ಇದ್ದರೆ ಅದೇ ಒಳ್ಳೆಯದು. ಶಾಲೆಯಲ್ಲಿ ಆ ಜನ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಇರುವುದಿಲ್ಲ. ಪ್ಲಗಿನ್‌ಗಳು (ಅದಕ್ಕೆ ಸೇರಿಸುವ ಬಿಡಿ ತಂತ್ರಾಂಶಗಳು) ಅಪ್‌ಡೇಟ್ ಆಗದೆ ಕುಳಿತದ್ದಕ್ಕೆ, ರಜೆ ಮುಗಿಸಿ ಬಂದು ಗೂಗಲ್‌ನಲ್ಲಿ ಶಾಲೆಯ ಹೆಸರು ಹುಡುಕಿದರೆ ಕೆಳಗೆ ಔಷಧಿ ಮಾತ್ರೆಗಳ ಜಾಹೀರಾತು! ಸೈಟ್ ತೆರೆದರೆ ಏನೂ ಕಾಣದು, ಗೂಗಲ್‌ಗೆ ಮಾತ್ರ ಬೇರೆ ಪುಟ ತೋರಿಸುವ ಹ್ಯಾಕ್ ಅದು. ಒರೆಸಿ ತೆಗೆಯುವಷ್ಟರಲ್ಲಿ ಸಾಕುಬೇಕಾಯಿತು. ಅದರ ಮೇಲೆ ಹೋಸ್ಟಿಂಗ್ (ಸೈಟ್ ಇಡುವ ಜಾಗದ ಬಾಡಿಗೆ) ನವೀಕರಣದ ಬಿಲ್ಲು. ಮೊದಲ ವರ್ಷ ಹದಿನೆಂಟುನೂರು ಇದ್ದದ್ದು ಐದು ಸಾವಿರ ದಾಟಿತ್ತು. ನಲವತ್ತು ಪುಟದ ಸೈಟಿಗೆ ಡೇಟಾಬೇಸ್, ಲಾಗಿನ್ ಪುಟ, ಪ್ಲಗಿನ್ ಎಲ್ಲ ಸಾಕುವುದೆಂದರೆ ಒಂದು ಲೋಟ ಹಾಲಿಗೆ ಹಟ್ಟಿ ತುಂಬ ದನ ಕಟ್ಟಿದ ಹಾಗೆ.

ಹ್ಯೂಗೋಗೆ ಬಂದದ್ದು ಆಗ. ಒಡೆಯಲು ಲಾಗಿನ್ ಪುಟವೇ ಇಲ್ಲ, ಬರೇ ಫೈಲುಗಳು. ಗಿಟ್ ಫೈಲುಗಳನ್ನು ಇಡುವ ಗಿಟ್‌ಹಬ್ ತಾಣದ ಪೇಜಸ್ ಸೇವೆಯಲ್ಲಿ ಪುಕ್ಕಟೆ ಜಾಗ. ಪ್ರಕಟವಾದ ಸೈಟ್ 1 ಜಿಬಿ ಮೀರಬಾರದು ಎಂಬ ಮಿತಿ ಇದೆ, ನಾವು ಅದರ ಕಾಲು ಭಾಗಕ್ಕೂ ಬಂದಿಲ್ಲ. ಖರ್ಚೆಂದರೆ ಡೊಮೇನ್ ಮಾತ್ರ, ಅದೂ ಈ ಸಲ ಶಾಲೆಯ ಹೆಸರಿನಲ್ಲಿ, ಶಾಲೆಯ ಇಮೇಲ್‌ನಲ್ಲಿ.

ಥೀಮ್ (ಸೈಟಿನ ಸಿದ್ಧ ವಿನ್ಯಾಸ) ಆರಿಸುವಾಗ ಚಂದ ನೋಡಬೇಡಿ. ನಾನು ಒಂದು ಸಾದಾ ಥೀಮ್ ತೆಗೆದುಕೊಂಡು ಮುಕ್ಕಾಲು ಪಾಲು ಕಿತ್ತು ಹಾಕಿದೆ. ಇಂಗ್ಲಿಷಿಗೆಂದು ಹೊಲಿದ ಟೆಂಪ್ಲೇಟ್‌ಗೆ (ಪುಟದ ಅಚ್ಚಿಗೆ) ಕನ್ನಡ ತುಂಬಿದಾಗ ಮೊದಲು ಸಾಯುವುದು ಒತ್ತಕ್ಷರ. ಲೈನ್ ಹೈಟ್ (ಸಾಲಿನ ಎತ್ತರ) 1.2 ಇದ್ದರೆ ಶೀರ್ಷಿಕೆಯಲ್ಲಿ "ಸ್ವಾತಂತ್ರ್ಯೋತ್ಸವ"ದ ಅಡಿಭಾಗ ಕೆಳಗಿನ ಸಾಲಿನ ನೆತ್ತಿಗೆ ತಾಗುತ್ತದೆ. ನಾನು 1.7ಕ್ಕೆ ಏರಿಸಿದೆ. ಲೆಟರ್ ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಎಲ್ಲಿ ಕಂಡರೂ ಸೊನ್ನೆ ಮಾಡಿ. ಇನ್ನೊಂದು ತಮಾಷೆ, ಮುಖಪುಟದ ಕಾರ್ಡುಗಳಲ್ಲಿ ಶೀರ್ಷಿಕೆಯನ್ನು ಇಷ್ಟೇ ಅಕ್ಷರ ಎಂದು ಎಣಿಸಿ ಕತ್ತರಿಸುವ ಸಾಲು ಟೆಂಪ್ಲೇಟ್‌ನಲ್ಲಿತ್ತು. ಕಂಪ್ಯೂಟರಿಗೆ "ತ್ಸ" ಎಂದರೆ ಒಂದಕ್ಷರ ಅಲ್ಲ, ಮೂರು. ಹಾಗಾಗಿ ಮುಖಪುಟದಲ್ಲಿ ದೊಡ್ಡದಾಗಿ "ಶಾಲಾ ವಾರ್ಷಿಕೋತ್..." ಎಂದು ಬಂತು, ಸೀನು ಬಂದು ಅರ್ಧಕ್ಕೆ ನಿಂತ ಹಾಗೆ. ಕನ್ನಡ ಪಂಡಿತರು ಸ್ಟಾಫ್ ರೂಮಿನಲ್ಲಿ ಒಂದು ವಾರ ಬಿಡಲಿಲ್ಲ. ಆ ಸಾಲನ್ನು ತೆಗೆದು, ಪೂರ್ಣ ಶೀರ್ಷಿಕೆ ಕೊಟ್ಟು, ಎರಡು ಸಾಲಿಗೆ ಮಿತಿ ಹಾಕುವ ಕೆಲಸವನ್ನು ಸಿಎಸ್‌ಎಸ್‌ಗೆ (ಪುಟದ ರೂಪ ಹೇಳುವ ಭಾಷೆಗೆ) ಬಿಟ್ಟೆ.

ಫೈಲಿನ ಹೆಸರೇ ಪುಟದ ವಿಳಾಸವಾಗುವುದರಿಂದ ಅದನ್ನು ಕನ್ನಡದಲ್ಲಿ ಇಡಬೇಡಿ, ಅಥವಾ ಫ್ರಂಟ್ ಮ್ಯಾಟರ್‌ನಲ್ಲಿ (ಫೈಲಿನ ತಲೆಯ ವಿವರಗಳಲ್ಲಿ) ಇಂಗ್ಲಿಷ್ ಸ್ಲಗ್ (ವಿಳಾಸಕ್ಕೆ ಬೇಕಾದ ಹೆಸರು) ಕೊಡಿ. ವಿಳಾಸದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಯೂ ಶೇಕಡಾ ಗುರುತು ಸೇರಿ ಒಂಬತ್ತು ಅಕ್ಷರ ಆಗುತ್ತದೆ. ವಾಟ್ಸ್ಯಾಪ್‌ಗೆ ಹಾಕಿದರೆ ಲಿಂಕೇ ಒಂದು ಪರದೆ ತುಂಬುತ್ತದೆ. ಇದೇ ಹುಮ್ಮಸ್ಸಿನಲ್ಲಿ ಡಾಟ್ ಭಾರತ ಎಂಬ ಕನ್ನಡ ಡೊಮೇನನ್ನೂ ಒಂದು ವರ್ಷಕ್ಕೆ ತೆಗೆದುಕೊಂಡು ನೋಡಿದೆ. ನೋಡಲು ಹೆಮ್ಮೆ, ಆದರೆ ಬ್ರೌಸರ್‌ನಿಂದ ಕಾಪಿ ಮಾಡಿ ಕಳಿಸಿದರೆ ಎಕ್ಸ್‌ಎನ್ ಎಂದು ಶುರುವಾಗುವ ಅರ್ಥವಿಲ್ಲದ ಇಂಗ್ಲಿಷ್ ಸಾಲು. ಪೋಷಕರು ಅದನ್ನು ವೈರಸ್ ಲಿಂಕ್ ಎಂದು ತಿಳಿದು ಮುಟ್ಟಲೇ ಇಲ್ಲ. ಮರುವರ್ಷ ನವೀಕರಿಸಲಿಲ್ಲ.

ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ್ದು ಬೇರೆಯೇ ಅಧ್ಯಾಯ. ಆಫೀಸಿನ ಹಳೆಯ ಸುತ್ತೋಲೆ, ವರದಿ ಎಲ್ಲ ನುಡಿಯ ಯೂನಿಕೋಡ್ (ಎಲ್ಲ ಕಡೆ ಒಂದೇ ರೀತಿ ಓದಬಲ್ಲ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿವೆ. ಸೈಟಿಗೆ ಅಂಟಿಸಿದರೆ ತಲೆಬುಡವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಪರಿವರ್ತಕಕ್ಕೆ ಹಾಕಿ ತೆಗೆದರೂ ಅರ್ಕಾವತ್ತು ಒಮ್ಮೊಮ್ಮೆ ಜಾಗ ತಪ್ಪುತ್ತದೆ, ಓದಿ ನೋಡದೆ ಏರಿಸಬೇಡಿ. ಗುಮಾಸ್ತರಿಗೆ ನುಡಿಯಲ್ಲೇ ಯೂನಿಕೋಡ್ ಆಯ್ಕೆ ತೋರಿಸಿಕೊಟ್ಟೆ, ಕೀಲಿಮಣೆ ಅದೇ ಇರುವುದರಿಂದ ಅವರು ತಕರಾರು ಮಾಡಲಿಲ್ಲ.

ಇನ್ನು ಮಳೆ. ನಮ್ಮಲ್ಲಿ ಜೂನ್, ಜುಲೈಯಲ್ಲಿ ಶಾಲೆಯ ವೆಬ್‌ಸೈಟಿನ ಮುಖ್ಯ ಕೆಲಸ ಒಂದೇ: ಇವತ್ತು ಶಾಲೆ ಉಂಟಾ ಇಲ್ವಾ? ಜಿಲ್ಲಾಧಿಕಾರಿಗಳ ರಜೆ ಆದೇಶ ಕೆಲವೊಮ್ಮೆ ಹಿಂದಿನ ರಾತ್ರಿ ಬರುತ್ತದೆ, ಕೆಲವೊಮ್ಮೆ ಬೆಳಿಗ್ಗೆ. ಅದಕ್ಕಿಂತ ಮುಂಚೆ ಕಳೆದ ವರ್ಷದ ಆದೇಶಕ್ಕೆ ಹೊಸ ದಿನಾಂಕ ಅಂಟಿಸಿದ ನಕಲಿ ಪ್ರತಿ ಗ್ರೂಪುಗಳಲ್ಲಿ ಓಡಾಡುತ್ತಿರುತ್ತದೆ. ನಂಬುವಂಥ ಒಂದು ಜಾಗ ಬೇಕಿತ್ತು.

ಮೊದಲ ಮಳೆಗಾಲದಲ್ಲೇ ಒಂದು ಬೆಳಿಗ್ಗೆ 6:10ಕ್ಕೆ ರಜೆಯ ನೋಟಿಸು ಹಾಕಿದೆ. ಬಿಲ್ಡ್ (ಫೈಲುಗಳಿಂದ ಸೈಟ್ ಕಟ್ಟುವ ಕೆಲಸ) ಹಸಿರು, ತಪ್ಪೇನೂ ತೋರಿಸುತ್ತಿಲ್ಲ, ಸೈಟಿನಲ್ಲಿ ನೋಟಿಸೂ ಇಲ್ಲ. ಆ ಕಡೆ ಬಸ್ಸಿನ ಡ್ರೈವರ್ ಫೋನು, ಈ ಕಡೆ ಪೋಷಕರ ಫೋನು. ಕಾರಣ ಸಂಜೆ ಸಿಕ್ಕಿತು. ದಿನಾಂಕ ಇನ್ನೂ ಬಾರದ ಪುಟವನ್ನು ಹ್ಯೂಗೋ ಕಟ್ಟುವುದಿಲ್ಲ, ಕಟ್ಟಲಿಲ್ಲವೆಂದು ಹೇಳುವುದೂ ಇಲ್ಲ. ಟೈಮ್‌ಝೋನ್ ಕೊಡದಿದ್ದರೆ ಬರೆದ ಹೊತ್ತನ್ನು ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಂದೇ ಓದುತ್ತದೆ. ನಮ್ಮ 6:10 ಅದಕ್ಕೆ ಮಧ್ಯಾಹ್ನದ ಹತ್ತಿರ, 11:40! ಬರೇ ದಿನಾಂಕ ಬರೆದರೂ ಬೆಳಿಗ್ಗೆ 5:30ಕ್ಕೆ ಮುಂಚೆ ಏರಿಸಿದ್ದು ಕಾಣದು. 11:40 ಆದ ಮೇಲೆ ತಾನಾಗಿ ಬರುತ್ತದೆಯೇ ಎಂದರೆ ಅದೂ ಇಲ್ಲ, ಯಾರಾದರೂ ಮತ್ತೊಮ್ಮೆ ಬಿಲ್ಡ್ ಮಾಡಬೇಕು. ಸಂರಚನೆಯ (ಸೆಟ್ಟಿಂಗ್) ಫೈಲಿನಲ್ಲಿ ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಎಂದು ಒಂದು ಸಾಲು ಹಾಕಿದರೆ ಮುಗಿಯಿತು. ಹ್ಯೂಗೋ 0.87ರಿಂದ ಈ ಸೌಕರ್ಯ ಇದೆ. ಮುಂದಿನ ದಿನಾಂಕದ ಪುಟವನ್ನೂ ಕಟ್ಟುವ ಬಿಲ್ಡ್ ಫ್ಯೂಚರ್ ಆನ್ ಮಾಡಿ ಎಂದು ಕೆಲವರು ಹೇಳುತ್ತಾರೆ, ಮಾಡಬೇಡಿ. ಶನಿವಾರ ಪ್ರಕಟವಾಗಬೇಕಾದ ಬಹುಮಾನದ ಪಟ್ಟಿ ಗುರುವಾರವೇ ಹೊರಬೀಳುತ್ತದೆ.

ಅದಾದ ಮೇಲೆ ರಜೆಯ ವಿಷಯವನ್ನು ಪುಟವಾಗಿ ಬರೆಯುವುದನ್ನೇ ಬಿಟ್ಟೆ. ಡೇಟಾ ಫೋಲ್ಡರಿನಲ್ಲಿ ಒಂದು ಪುಟ್ಟ ಫೈಲು, ಅದರಲ್ಲಿ ಎರಡೇ ಸಾಲು: ದಿನಾಂಕ, ಮತ್ತು "ರಜೆ ಇದೆ" ಅಥವಾ "ಶಾಲೆ ಇದೆ". ಟೆಂಪ್ಲೇಟ್ ಅದನ್ನು ಎಲ್ಲ ಪುಟಗಳ ತಲೆಯ ಮೇಲೆ ಹಳದಿ ಪಟ್ಟಿಯಾಗಿ ತೋರಿಸುತ್ತದೆ. ಗಿಟ್‌ಹಬ್ ತೆರೆದು ಮೊಬೈಲಿನಲ್ಲೇ ತಿದ್ದಿದರೆ ಒಂದೆರಡು ನಿಮಿಷದಲ್ಲಿ ಸೈಟಿಗೆ ಬಂತು. ನಿನ್ನೆಯ ಪಟ್ಟಿ ಇವತ್ತು ಕಾಣಬಾರದಲ್ಲ? ಅದನ್ನು ಬಿಲ್ಡ್ ಹೊತ್ತಿಗೆ ಲೆಕ್ಕ ಹಾಕಿದರೆ ಪ್ರಯೋಜನವಿಲ್ಲ. ನೋಡುವವರ ಫೋನಿನ ದಿನಾಂಕಕ್ಕೆ ಹೋಲಿಸಿ, ತಾಳೆಯಾಗದಿದ್ದರೆ ಪಟ್ಟಿಯನ್ನು ಮರೆಮಾಡುವ ನಾಲ್ಕು ಸಾಲು ಜಾವಾಸ್ಕ್ರಿಪ್ಟ್ ಸಾಕು. "ಶಾಲೆ ಇದೆ" ಎಂಬುದನ್ನೂ ಹಾಕಬೇಕು, ನಕಲಿ ಆದೇಶಕ್ಕೆ ಅದೇ ಉತ್ತರ.

ಉಳಿದ ಸುದ್ದಿ ಏರಿಸುವುದು ಯಾರು? ಇಲ್ಲಿಯೇ ಹೆಚ್ಚಿನ ಶಾಲೆಗಳ ಸೈಟ್ ಸಾಯುವುದು. ನಮ್ಮ ಟೀಚರುಗಳಿಗೆ ಮಾರ್ಕ್‌ಡೌನ್ ಕಲಿಸಲು ಒಂದು ಶನಿವಾರ ಪ್ರಯತ್ನಿಸಿ ಕೈಬಿಟ್ಟೆ. ಹೆಡ್‌ಮಾಷ್ಟ್ರಂತೂ "ನೀವು ಎಂತ ಬೇಕಾದರೂ ಮಾಡಿ ಮಾರಾಯ್ರೆ, ನನಗೆ ಪಾಸ್‌ವರ್ಡ್ ಮಾತ್ರ ಕೊಡಬೇಡಿ" ಎಂದರು. ಸರಿ, ಗೂಗಲ್ ಫಾರ್ಮ್ ಮಾಡಿದೆ. ಕಾರ್ಯಕ್ರಮದ ಹೆಸರು, ದಿನಾಂಕ, ನಾಲ್ಕು ಸಾಲು, ಒಂದೆರಡು ಫೋಟೊ. ತುಂಬಿದ್ದು ಶೀಟಿಗೆ ಬರುತ್ತದೆ. ಹೆಡ್‌ಮಾಷ್ಟ್ರು ಓದಿ ಕೊನೆಯ ಕಾಲಮ್ಮಿನಲ್ಲಿ "ಸರಿ" ಎಂದು ಬರೆದದ್ದನ್ನು ಗಿಟ್‌ಹಬ್ ಆಕ್ಷನ್ಸ್ (ಹೇಳಿಟ್ಟ ಕೆಲಸವನ್ನು ತಾನಾಗಿ ಮಾಡುವ ಸೌಕರ್ಯ) ದಿನಕ್ಕೆರಡು ಸಲ ಎತ್ತಿಕೊಂಡು ಮಾರ್ಕ್‌ಡೌನ್ ಮಾಡಿ, ಫೋಟೊ ಕುಗ್ಗಿಸಿ, ಬಿಲ್ಡ್ ಮಾಡುತ್ತದೆ. ಯಾವ ಹೊತ್ತಿಗೆ ಎಂದು ಹೇಳುವ ವೇಳಾಪಟ್ಟಿಯ ಕ್ರಾನ್ ಸಾಲನ್ನು ಯುಟಿಸಿಯಲ್ಲಿ ಬರೆಯುವುದು ವಾಡಿಕೆ, ಐದೂವರೆ ಗಂಟೆ ಕಳೆದು ಬರೆಯಿರಿ. "ಸರಿ" ಎಂಬುದಕ್ಕೆ ಬದಲು ಅವರು "ಒಕೆ", "ಆಗಬಹುದು", "ಹಾಕಿ" ಎಂದೆಲ್ಲ ಬರೆದರೂ ಹಿಡಿಯುವ ಒಂದು ಉಪಾಯ ಮಾಡಿದ್ದೇನೆ. ಆ ಸ್ಕ್ರಿಪ್ಟ್ ಮಾತ್ರ ಇಲ್ಲಿ ಕೊಡುವುದಿಲ್ಲ, ಅದಕ್ಕೆ ನನ್ನ ಎರಡು ದಸರಾ ರಜೆ ಹೋಗಿದೆ.

ಇದೂ ಒಮ್ಮೆ ಕೈಕೊಟ್ಟಿತು. ಸಾರ್ವಜನಿಕ ರೆಪೊಸಿಟರಿಯಲ್ಲಿ (ಸೈಟಿನ ಫೈಲುಗಳ ಉಗ್ರಾಣದಲ್ಲಿ) 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಗಿಟ್‌ಹಬ್ ವೇಳಾಪಟ್ಟಿಯ ಕೆಲಸಗಳನ್ನು ತಾನಾಗಿ ನಿಲ್ಲಿಸುತ್ತದೆ. ಮಾರ್ಚ್‌ನಲ್ಲಿ ಪರೀಕ್ಷೆಯ ಗಡಿಬಿಡಿಗೆ ಯಾರೂ ಫಾರ್ಮ್ ತುಂಬಿರಲಿಲ್ಲ, ಹಿಂದೆಯೇ ಬೇಸಿಗೆ ರಜೆ. ಪ್ರಾರಂಭೋತ್ಸವದ ಫೋಟೊ ಶೀಟಿನಲ್ಲೇ ಕೊಳೆಯುತ್ತಿತ್ತು. ಈಗ ಏಪ್ರಿಲ್ ಕೊನೆಗೆ ದಾಖಲಾತಿ ಪ್ರಕಟಣೆ ಹಾಕುವುದನ್ನು ನಿಯಮ ಮಾಡಿದ್ದೇವೆ, ಎರಡು ಕೆಲಸಕ್ಕೂ ಆಯಿತು. ಟೋಕನ್‌ಗೂ (ಸ್ಕ್ರಿಪ್ಟ್ ಬಳಸುವ ಗುಪ್ತ ಕೀಲಿಗೂ) ವಾಯಿದೆ ಇರುತ್ತದೆ, ಡೊಮೇನ್ ನವೀಕರಣದ ತಾರೀಕಿಗೇ ಅದನ್ನೂ ಬದಲಿಸಿಬಿಡಿ.

ಫೋಟೊ ವಿಷಯದಲ್ಲಿ ಒಂದು ಎಚ್ಚರ. ಫೋನಿನ ಫೋಟೊ ನಾಲ್ಕೈದು ಎಂಬಿ ಇರುತ್ತದೆ, ಜೊತೆಗೆ ತೆಗೆದ ಜಾಗದ ಮಾಹಿತಿಯೂ ಇರಬಹುದು. ಸೈಟಿಗೆ ಹ್ಯೂಗೋ ಸಣ್ಣದು ಮಾಡಿ ಕೊಟ್ಟರೂ ಮೂಲ ಫೈಲು ರೆಪೊಸಿಟರಿಯಲ್ಲಿ ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ. ಹಾಗಾಗಿ ಒಳಗೆ ಬರುವ ಮೊದಲೇ ಸಾವಿರ ಪಿಕ್ಸೆಲ್ಲಿಗೆ ಇಳಿಸಿ ಆ ಮಾಹಿತಿ ಒರೆಸಬೇಕು. ಮಕ್ಕಳ ಪೂರ್ತಿ ಹೆಸರು, ಮನೆ, ಫೋನ್ ನಂಬರ್ ಇರುವ ಪಟ್ಟಿಗಳನ್ನು ನಾವು ಹಾಕುವುದೇ ಇಲ್ಲ. ದಾಖಲಾತಿ ಫಾರ್ಮಿನ ಜೊತೆ ಪೋಷಕರಿಂದ ಫೋಟೊ ಒಪ್ಪಿಗೆಯ ಸಹಿ ತೆಗೆದುಕೊಳ್ಳುತ್ತೇವೆ. 2023ರ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ ಹದಿನೆಂಟರ ಒಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಕೇಳಿದ್ದಾರೆ, ಅದು ಬರುವ ಮೊದಲೂ ನಮ್ಮ ಕ್ರಮ ಇದೇ ಇತ್ತು.

ಹುಡುಕಾಟದ ಪೆಟ್ಟಿಗೆ ನನ್ನ ಶೋಕಿಗೆ ಮಾಡಿದ್ದು. ಲೂನರ್ ಎಂಬ ಹುಡುಕಾಟದ ತಂತ್ರಾಂಶ ಹಾಕಿದೆ, ಕನ್ನಡದಲ್ಲಿ ಏನು ಹುಡುಕಿದರೂ ಸೊನ್ನೆ. ಪದದ ಆಚೀಚೆಯ ಕಸ ಗುಡಿಸಲು ಅದರಲ್ಲಿ ಟ್ರಿಮ್ಮರ್ ಒಂದಿದೆ, ಅದಕ್ಕೆ ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟರೆ ಉಳಿದದ್ದೆಲ್ಲ ಕಸವೇ. ನಮ್ಮ ಪದಗಳನ್ನು ಪೂರ್ತಿ ಗುಡಿಸಿಬಿಟ್ಟಿತ್ತು! ಪೈಪ್‌ಲೈನಿನಿಂದ (ಪದಗಳು ಹಾದುಹೋಗುವ ಹಂತಗಳಿಂದ) ಟ್ರಿಮ್ಮರ್ ತೆಗೆದು, ಪದದ ಆರಂಭ ಹೊಂದಿದರೆ ಸಾಕು ಎಂದು ಮಾಡಿದ ಮೇಲೆ "ಯಕ್ಷಗಾನ" ಹುಡುಕಿದರೆ "ಯಕ್ಷಗಾನದಲ್ಲಿ" ಕೂಡ ಸಿಗುತ್ತದೆ.

ಇನ್ನೊಂದು ಪ್ರಯೋಗ ಮಾತ್ರ ದುಡ್ಡು ತಂದಿತು. ಹಳೆಯ ಗ್ರೂಪ್ ಫೋಟೊಗಳನ್ನು ಮೊಬೈಲಿನಲ್ಲೇ ಸ್ಕ್ಯಾನ್ ಮಾಡಿ, ಟ್ಯಾಕ್ಸಾನಮಿಯಲ್ಲಿ (ಹ್ಯೂಗೋದ ವರ್ಗೀಕರಣದಲ್ಲಿ) "ಬ್ಯಾಚ್" ಎಂದು ಸೇರಿಸಿದೆ. ಪ್ರತಿ ವರ್ಷಕ್ಕೆ ಒಂದು ಪುಟ ತಾನಾಗಿ ಹುಟ್ಟಿತು. 1997ಕ್ಕೆ ಮುಂಚಿನವುಗಳಲ್ಲಿ ಬೋರ್ಡಿನ ಮೇಲೆ ದಕ್ಷಿಣ ಕನ್ನಡ ಜಿಲ್ಲೆ ಎಂದಿರುತ್ತದೆ, ಆಮೇಲೆ ಉಡುಪಿ ಜಿಲ್ಲೆ, ಉಡುಪಿ ತಾಲೂಕು, ಈಗ ಬ್ರಹ್ಮಾವರ ತಾಲೂಕು. ಮುಂಬಯಿಯಲ್ಲಿ ಹೋಟೆಲು ಇಟ್ಟುಕೊಂಡಿರುವ ಒಬ್ಬರು ತಮ್ಮ ಏಳನೇ ಕ್ಲಾಸಿನ ಫೋಟೊ ನೋಡಿ ಫೋನು ಮಾಡಿದರು. ಮೂರು ಕಂಪ್ಯೂಟರ್ ಬಂತು, ಲೆಕ್ಕದಲ್ಲಿ ಒಂದು ಲಕ್ಷದ ಹತ್ತಿರ. ಬಿಸಿಯೂಟದ ವಾರದ ಪಟ್ಟಿಯನ್ನೂ ಒಂದು ಪುಟ ಮಾಡಿದ್ದೆ. ಅದಕ್ಕೆ ಯಾರೂ ಫೋನು ಮಾಡಲಿಲ್ಲ, ಮಕ್ಕಳು ಮಾತ್ರ ನೋಡುತ್ತಾರೆ.

ಹ್ಯೂಗೋ ಆವೃತ್ತಿಯನ್ನು ಒಂದು ಕಡೆ ಗಟ್ಟಿ ಮಾಡಿಡಿ. 0.128ರಲ್ಲಿ ಉದ್ದ ಪಟ್ಟಿಯನ್ನು ಹಲವು ಪುಟಗಳಾಗಿ ಒಡೆಯುವ ಸಂರಚನೆಯ ಹೆಸರೇ ಬದಲಾಯಿತು. ಹೊಸದನ್ನು ತಾನಾಗಿ ಎಳೆದುಕೊಳ್ಳುವಂತೆ ಬಿಟ್ಟಿದ್ದರೆ ಇಂಥದ್ದೇ ಒಂದು ದಿನ ಮಳೆಯ ನಡುವೆ ಬಿಲ್ಡ್ ನಿಲ್ಲುತ್ತದೆ. ನಾನು ವರ್ಷಕ್ಕೊಮ್ಮೆ, ದಸರಾ ರಜೆಯಲ್ಲಿ ಮಾತ್ರ ಬದಲಿಸುವುದು.

ಹತ್ತಿರದ ಎರಡು ಶಾಲೆಯವರು ನಮಗೂ ಮಾಡಿಕೊಡಿ ಎಂದು ಕೇಳಿದ್ದಾರೆ. ಮಾಡಿಕೊಡುತ್ತೇನೆ, ಸ್ಕ್ರಿಪ್ಟನ್ನೂ ಕೊಡುತ್ತೇನೆ. ಡೊಮೇನ್ ಶಾಲೆಯ ಹೆಸರಿನಲ್ಲಿರಬೇಕು, ಫಾರ್ಮ್ ತುಂಬಲು ಕಡಿಮೆಯೆಂದರೆ ಮೂವರು ಟೀಚರುಗಳು ಒಪ್ಪಬೇಕು, "ಸರಿ" ಬರೆಯುವವರು ಒಬ್ಬರೇ ಇರಬೇಕು. ಒಂದು ಶಾಲೆಯಲ್ಲಿ ಮೂವರು ಸಿಕ್ಕಿದ್ದಾರೆ. ಇನ್ನೊಂದರಲ್ಲಿ ಸದ್ಯಕ್ಕೆ ಡ್ರಿಲ್ ಮಾಷ್ಟ್ರು ಒಬ್ಬರೇ.