ಕ್ಯಾನ್ಸರ್ ಚಿಕಿತ್ಸೆ ನಡೆಯುವಾಗ ಹೃದಯವನ್ನೂ ಕಾಯುವುದು ಹೇಗೆ? ಮನೆಯವರಿಗೆ ಒಂದಿಷ್ಟು ಮಾಹಿತಿ

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಅಂತ ಗೊತ್ತಾದರೆ ಎಲ್ಲರ ಗಮನ ಗಡ್ಡೆಯ ಮೇಲೇ ಹೋಗುತ್ತದೆ. ಯಾವ ಸ್ಟೇಜ್, ಆಪರೇಷನ್ ಯಾವಾಗ, ಕೀಮೋ ಎಷ್ಟು ಸೈಕಲ್. ಅದು ಸಹಜವೇ. ಆದರೆ ಅದೇ ವಾರ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ, ಕೇಳುವವರು ಕಡಿಮೆ: ಈ ಚಿಕಿತ್ಸೆಯನ್ನು ಇವರ ಹೃದಯ ತಡೆದುಕೊಳ್ಳುತ್ತದಾ?

ಕ್ಯಾನ್ಸರ್‌ನ ಕೆಲವು ಔಷಧಿಗಳು ಹೃದಯದ ಸ್ನಾಯುವನ್ನೇ ದುರ್ಬಲ ಮಾಡುತ್ತವೆ. ಕೆಲವು ಬಿಪಿ ಏರಿಸುತ್ತವೆ. ಕೆಲವು ರಕ್ತ ಹೆಪ್ಪುಗಟ್ಟುವ ಹಾಗೆ ಮಾಡುತ್ತವೆ, ಕ್ಯಾನ್ಸರ್ ಕೂಡ ತನ್ನಷ್ಟಕ್ಕೆ ಅದೇ ಕೆಲಸ ಮಾಡುತ್ತದೆ. ಇದರ ಜೊತೆಗೆ ವಯಸ್ಸು, ಸಕ್ಕರೆ ಕಾಯಿಲೆ, ಬೀಡಿ, ಗುಟ್ಕಾ, ಕಡ್ಡಿಪುಡಿ ಎಲ್ಲ ಸೇರಿಕೊಳ್ಳುತ್ತವೆ. ಇದನ್ನು ಓದಿ ದಯವಿಟ್ಟು ಕೀಮೋ ಬೇಡ ಅನ್ನಬೇಡಿ. ಹೃದಯಕ್ಕೆ ಹೆದರಿ ಕ್ಯಾನ್ಸರ್ ಚಿಕಿತ್ಸೆ ಬಿಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಹೃದಯದ ಮೇಲೆ ಕಣ್ಣಿಟ್ಟರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲದೆ ಮುಗಿಯುವ ಸಾಧ್ಯತೆ ಜಾಸ್ತಿ, ಅದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಮೊದಲು ಒಂದು ಫೈಲ್ ಮಾಡಿ

ನಮ್ಮಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಕೀಮೋ ಕಿದ್ವಾಯಿಯಲ್ಲೋ ಇನ್ಯಾವುದೋ ಕ್ಯಾನ್ಸರ್ ಆಸ್ಪತ್ರೆಯಲ್ಲೋ ನಡೆಯುತ್ತಿರುತ್ತದೆ, ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಜಯದೇವದಲ್ಲಿ ಆಗಿರುತ್ತದೆ, ಬಿಪಿ ಮಾತ್ರೆ ಊರಿನ ಡಾಕ್ಟರ್ ಬರೆದಿರುತ್ತಾರೆ. ಒಬ್ಬರ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳುವುದು ನೀವು ತೋರಿಸಿದರೆ ಮಾತ್ರ. ಹಾಗಾಗಿ ಮೂರೂ ಕಡೆಯ ಕಾಗದ ಒಂದೇ ಫೈಲ್‌ನಲ್ಲಿ ಇರಲಿ, ಮೊಬೈಲ್‌ನಲ್ಲೂ ಫೋಟೋ ಇರಲಿ.

ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ: ಹಿಂದೆ ಹಾರ್ಟ್ ಅಟ್ಯಾಕ್, ಸ್ಟೆಂಟ್, ಪಾರ್ಶ್ವವಾಯು ಆಗಿದೆಯಾ, ಬಿಪಿ, ಶುಗರ್, ಕೊಲೆಸ್ಟ್ರಾಲ್, ಕಿಡ್ನಿ ತೊಂದರೆ ಇದೆಯಾ, ತಂಬಾಕು ಇದೆಯಾ, ಈ ಮುಂಚೆ ಯಾವಾಗಲಾದರೂ ಕೀಮೋ ಅಥವಾ ಎದೆಗೆ ರೇಡಿಯೇಷನ್ ಆಗಿದೆಯಾ. ಯುರೋಪಿನ ಹೃದಯ ತಜ್ಞರ ಸಂಘ 2022ರಲ್ಲಿ ಕ್ಯಾನ್ಸರ್ ರೋಗಿಗಳ ಹೃದಯದ ಬಗ್ಗೆ ತನ್ನ ಮೊದಲ ಮಾರ್ಗಸೂಚಿ ತಂದಾಗ, ಚಿಕಿತ್ಸೆಗೆ ಮುಂಚೆಯೇ ಪ್ರತಿಯೊಬ್ಬರ ಅಪಾಯವನ್ನು ಅಳೆಯಬೇಕು ಅಂತ ಹೇಳಿತು. ಅದಕ್ಕೆ ನೋಡುವುದು ಹೆಚ್ಚುಕಡಿಮೆ ಇದೇ ವಿಷಯಗಳನ್ನು. ತಂಬಾಕಿನ ವಿಷಯ ಮಾತ್ರ ಮುಚ್ಚಿಡಬೇಡಿ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಜ್ಜಿಯರು ಅದನ್ನು ತಂಬಾಕು ಅಂತ ಲೆಕ್ಕಕ್ಕೇ ಇಟ್ಟಿರುವುದಿಲ್ಲ, ಅಲ್ವಾ? ನೀವೇ ಕೇಳಿ ಬರೆಯಿರಿ.

ಮೊದಲ ಕೀಮೋಗೆ ಮುಂಚೆ ಎಕೋ

ಇಸಿಜಿ, ಬಿಪಿ, ಶುಗರ್, ಕೊಲೆಸ್ಟ್ರಾಲ್ ಹೇಗಿದ್ದರೂ ನೋಡಿಸಿ. ಕೊಡಲಿರುವ ಔಷಧಿ ಹೃದಯಕ್ಕೆ ತೊಂದರೆ ಕೊಡುವಂಥದ್ದಾದರೆ ಎಕೋ ಕೂಡ ಬೇಕು. ರಿಪೋರ್ಟ್‌ನಲ್ಲಿ ಇಎಫ್ ಅಂತ ಒಂದು ಅಂಕಿ ಇರುತ್ತದೆ. ಹೃದಯ ಒಂದು ಸಲ ಹಿಂಡಿದಾಗ ಅದರೊಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ಹೋಯಿತು ಅನ್ನುವ ಲೆಕ್ಕ ಅದು. 55, 60, 65 ಇದ್ದರೆ ಚೆನ್ನಾಗಿದೆ.

ಮೊದಲ ಎಕೋ ಯಾಕೆ ಅಷ್ಟು ಮುಖ್ಯ ಅಂದರೆ, ಕೀಮೋ ಆದ ಮೇಲೆ ಒಬ್ಬರ ಇಎಫ್ 52 ಬಂದಿತು ಅಂದುಕೊಳ್ಳಿ. ಸುಮ್ನೆ ನೋಡಿದರೆ ಪರವಾಗಿಲ್ಲ ಅನಿಸುತ್ತದೆ. ಮುಂಚೆ 66 ಇತ್ತು ಅಂತ ಗೊತ್ತಿದ್ದರೆ ಮಾತ್ರ ಅದು 14 ಇಳಿದಿದೆ ಅಂತ ಡಾಕ್ಟರ್ ಗಮನಿಸುತ್ತಾರೆ. ಜಿಎಲ್‌ಎಸ್ ಅನ್ನುವ ಇನ್ನೊಂದು ಅಳತೆ ಇದೆ, ಹೃದಯದ ಸ್ನಾಯು ಉದ್ದದಲ್ಲಿ ಎಷ್ಟು ಕುಗ್ಗುತ್ತದೆ ಅನ್ನುವ ಲೆಕ್ಕ, ಎಕೋದಲ್ಲೇ ಸಿಗುತ್ತದೆ. ಇಎಫ್ ಇಳಿಯುವ ಮುಂಚೆಯೇ ಅದು ಸುಳಿವು ಕೊಡುತ್ತದೆ. ಮೈನಸ್ 20 ಇದ್ದದ್ದು ಮೈನಸ್ 16 ಆದರೆ ಕೇಳಲೇಬೇಕು. ಎಲ್ಲ ಕಡೆ ಇದನ್ನು ಮಾಡುವುದಿಲ್ಲ, ಮಾಡುವ ಕಡೆ ಮಾಡಿಸಿ. ಸಾಧ್ಯವಾದರೆ ಪ್ರತಿ ಸಲವೂ ಒಂದೇ ಲ್ಯಾಬ್‌ಗೆ ಹೋಗಿ. ಮಷಿನ್ ಬದಲಾದರೆ ಅಂಕಿಯೂ ಸ್ವಲ್ಪ ಆಚೆ ಈಚೆ ಆಗುತ್ತದೆ, ಸುಮ್ನೆ ಗಾಬರಿ.

ಕೆಂಪು ಕೀಮೋ ಲೆಕ್ಕ

ಕೆಂಪು ಬಣ್ಣದ ಔಷಧಿ ಏರಿಸಿದರು, ಆಮೇಲೆ ಮೂತ್ರವೂ ಕೆಂಪಗೆ ಬಂತು ಅಂತ ಹೇಳುವುದನ್ನು ಕೇಳಿರುತ್ತೀರಿ. ಅದು ಡಾಕ್ಸೋರುಬಿಸಿನ್, ಅಡ್ರಿಯಾಮೈಸಿನ್ ಅಂತಲೂ ಕರೆಯುತ್ತಾರೆ. ಸ್ತನ ಕ್ಯಾನ್ಸರ್, ಲಿಂಫೋಮಾ (ದುಗ್ಧರಸ ಗ್ರಂಥಿಗಳ ಕ್ಯಾನ್ಸರ್), ಮೂಳೆಯ ಕೆಲವು ಕ್ಯಾನ್ಸರ್‌ಗಳಿಗೆ ಬಹಳ ಒಳ್ಳೆಯ ಔಷಧಿ. ಆದರೆ ಹೃದಯದ ಮಟ್ಟಿಗೆ ಇದರಲ್ಲಿ ಲೆಕ್ಕಕ್ಕೆ ಬರುವುದು ಜೀವಮಾನದಲ್ಲಿ ಒಟ್ಟು ಎಷ್ಟು ಮೈಗೆ ಹೋಯಿತು ಅನ್ನುವುದು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 400 ಮಿಲಿಗ್ರಾಂ ಆದಾಗ ನೂರಕ್ಕೆ 5 ಜನರಲ್ಲಿ ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ, ಕಂಡಿತು. 550 ಆದಾಗ 26 ಜನ, 700 ಆದಾಗ 48 ಜನ.

ನಿಮ್ಮ ಲೆಕ್ಕ ನೀವೇ ಹಾಕಬಹುದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಪ್ರತಿ ಸೈಕಲ್‌ನ ಡೋಸ್ ಬರೆದಿರುತ್ತದೆ. ಸ್ತನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಒಂದು ಸೈಕಲ್‌ಗೆ 60ರಂತೆ 4 ಸೈಕಲ್, ಅಂದರೆ 240. ಲಿಂಫೋಮಾಕ್ಕೆ 50ರಂತೆ 6 ಸೈಕಲ್, ಅಂದರೆ 300. ಸಮ್ಮರಿಯಲ್ಲಿ ಪೂರ್ತಿ ಡೋಸ್ ಮಾತ್ರ ಇದ್ದು ಚದರ ಮೀಟರಿನ ಲೆಕ್ಕ ಇಲ್ಲದಿದ್ದರೆ ಡಾಕ್ಟರ್ ಹತ್ತಿರ ಕೇಳಿ ಬರೆಸಿಕೊಳ್ಳಿ. ಈ ಒಟ್ಟು ಅಂಕಿ ಫೈಲ್‌ನ ಮೊದಲ ಪುಟದಲ್ಲಿ ಇರಲೇಬೇಕು, ಯಾಕೆಂದರೆ ಹತ್ತು ವರ್ಷ ಬಿಟ್ಟು ಕ್ಯಾನ್ಸರ್ ಮರಳಿದರೆ ಬೇರೆ ಊರಿನ ಬೇರೆ ಡಾಕ್ಟರಿಗೆ ಮೊದಲು ಬೇಕಾಗುವುದು ಇದೇ. ಎಪಿರುಬಿಸಿನ್, ಡೌನೋರುಬಿಸಿನ್ ಕೂಡ ಇದೇ ಗುಂಪಿನವು, ಆದರೆ ಮಿತಿ ಬೇರೆ.

ಸ್ತನ ಕ್ಯಾನ್ಸರ್‌ನಲ್ಲಿ ಹರ್‌ಟೂ ಪಾಸಿಟಿವ್ (ಗಡ್ಡೆಯಲ್ಲಿ ಹರ್‌ಟೂ ಅನ್ನುವ ಪ್ರೋಟೀನ್ ಜಾಸ್ತಿ ಇದೆ) ಅಂತ ಬಂದರೆ ಟ್ರಾಸ್ಟುಜುಮಾಬ್ ಇಂಜೆಕ್ಷನ್ ಇರುತ್ತದೆ, ಸಾಮಾನ್ಯವಾಗಿ ಒಂದು ವರ್ಷ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಕಡಿಮೆ ಬೆಲೆಯ ಟ್ರಾಸ್ಟುಜುಮಾಬನ್ನು ಇಲ್ಲಿನ ಮಾರುಕಟ್ಟೆಗೆ ತಂದಿತು. ಇದೂ ಇಎಫ್ ಇಳಿಸಬಹುದು. ಸಮಾಧಾನದ ವಿಷಯ ಅಂದರೆ, ಬೇಗ ಗೊತ್ತಾಗಿ ಇಂಜೆಕ್ಷನ್ ಸ್ವಲ್ಪ ದಿನ ತಡೆದು ಹೃದಯದ ಮಾತ್ರೆ ಕೊಟ್ಟರೆ ಬಹಳ ಜನರಲ್ಲಿ ಹೃದಯ ಸುಧಾರಿಸುತ್ತದೆ. ಅದಕ್ಕೇ ಆ ವರ್ಷ ಮೂರು ತಿಂಗಳಿಗೊಮ್ಮೆ ಎಕೋ. ಆರಾಮಾಗಿದ್ದೇನೆ, ಈ ಸಲ ಬೇಡ ಅಂತ ಅಮ್ಮ ಅಂದರೂ ಕರೆದುಕೊಂಡು ಹೋಗಿ.

ಉಳಿದ ಔಷಧಿಗಳು, ರೇಡಿಯೇಷನ್

ಕೇಪ್‌ಸಿಟಾಬಿನ್ ಮಾತ್ರೆ, 5ಎಫ್‌ಯು ಇಂಜೆಕ್ಷನ್: ಹೃದಯದ ರಕ್ತನಾಳ ಹಿಡಿದುಕೊಂಡು ಎದೆನೋವು ಬರಬಹುದು, ಬಂದರೆ ಬಹಳ ಸಲ ಮೊದಲ ಕೆಲವು ದಿನಗಳಲ್ಲೇ. ಮನೆಯಲ್ಲಿ ಮಾತ್ರೆ ನುಂಗುತ್ತಿರುವಾಗ ಹೀಗಾದರೆ ಮುಂದಿನ ಮಾತ್ರೆ ಕೊಡಬೇಡಿ, ಆಸ್ಪತ್ರೆಗೆ ಹೋಗಿ. ಸುನಿಟಿನಿಬ್, ಪಾಜೋಪನಿಬ್, ಬೆವಾಸಿಜುಮಾಬ್ ಬಿಪಿ ಏರಿಸುತ್ತವೆ. ಮೈಲೋಮಾಕ್ಕೆ (ಮೂಳೆ ಮಜ್ಜೆಯ ಒಂದು ಕ್ಯಾನ್ಸರ್) ಕೊಡುವ ಥಾಲಿಡೋಮೈಡ್, ಲೆನಾಲಿಡೋಮೈಡ್ ರಕ್ತ ಹೆಪ್ಪುಗಟ್ಟಿಸಬಹುದು, ಅದಕ್ಕೆ ತಡೆ ಮಾತ್ರೆ ಬರೆದಿದ್ದಾರಾ ಅಂತ ಕೇಳಿ. ಪ್ರಾಸ್ಟೇಟ್ ಕ್ಯಾನ್ಸರ್‌ನ ಹಾರ್ಮೋನ್ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲಿ ತೂಕ, ಶುಗರ್, ಕೊಲೆಸ್ಟ್ರಾಲ್ ಏರುತ್ತವೆ. ನಿವೊಲುಮಾಬ್, ಪೆಂಬ್ರೊಲಿಜುಮಾಬ್‌ನಂಥ ಇಮ್ಯುನೋಥೆರಪಿಯಲ್ಲಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ) ಹೃದಯದ ಸ್ನಾಯು ಊದಿಕೊಳ್ಳುವುದು ಅಪರೂಪ, ಆದರೆ ಆಗಿಬಿಟ್ಟರೆ ಜೀವಕ್ಕೇ ಅಪಾಯ. ಮೊದಲ ಮೂರು ತಿಂಗಳಲ್ಲಿ ಉಸಿರಾಟದ ತೊಂದರೆ, ಮೈಕೈ ಸ್ನಾಯು ನೋವು, ರೆಪ್ಪೆ ಜೋತುಬೀಳುವುದು ಕಂಡರೆ ಅದೇ ದಿನ ತೋರಿಸಿ.

ಎಡ ಸ್ತನಕ್ಕೆ ರೇಡಿಯೇಷನ್ ಇದ್ದರೆ ಒಂದು ಪ್ರಶ್ನೆ ಕೇಳಿ: ಉಸಿರು ಹಿಡಿದು ಕೊಡುವ ವಿಧಾನ ಇಲ್ಲಿ ಇದೆಯಾ? ಉಸಿರು ಒಳಗೆ ಎಳೆದು ಹಿಡಿದಾಗ ಹೃದಯ ಎದೆಗೂಡಿನ ಮುಂಭಾಗದಿಂದ ದೂರ ಸರಿಯುತ್ತದೆ, ಅದಕ್ಕೆ ಬೀಳುವ ಕಿರಣ ಕಡಿಮೆಯಾಗುತ್ತದೆ. ಹೃದಯಕ್ಕೆ ಬೀಳುವ ಸರಾಸರಿ ಡೋಸ್ ಒಂದು ಗ್ರೇ (ರೇಡಿಯೇಷನ್ ಅಳೆಯುವ ಮಾನ) ಹೆಚ್ಚಿದಂತೆಲ್ಲ ಹಾರ್ಟ್ ಅಟ್ಯಾಕ್‌ನಂಥ ತೊಂದರೆಯ ಅಪಾಯ ನೂರಕ್ಕೆ 7.4ರಷ್ಟು ಏರುತ್ತದೆ ಅಂತ 2013ರ ಅಧ್ಯಯನ ತೋರಿಸಿದೆ. ಕಡಿಮೆ ಮಾಡಿದಷ್ಟೂ ಒಳ್ಳೆಯದು.

ಮನೆಯಲ್ಲಿ ದಿನಾ

ಬಿಪಿ ಮಷಿನ್ ಒಂದು ತೆಗೆದುಕೊಳ್ಳಿ, ತೋಳಿಗೆ ಕಟ್ಟುವಂಥದ್ದು. ಕಾಫಿ ಕುಡಿದ ಅರ್ಧ ಗಂಟೆ ನೋಡಬೇಡಿ. ಐದು ನಿಮಿಷ ಒರಗಿ ಕೂತು, ತೋಳು ಎದೆಯ ಮಟ್ಟದಲ್ಲಿ ಇಟ್ಟು ಎರಡು ಸಲ ನೋಡಿ ಬರೆಯಿರಿ. ಒಂದು ಸ್ತನ ತೆಗೆದು ಕಂಕುಳ ಗಂಟುಗಳನ್ನೂ ತೆಗೆದಿದ್ದರೆ ಇನ್ನೊಂದು ಕಡೆಯ ತೋಳಿಗೆ ಕಟ್ಟಿ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ ತೂಕ ನೋಡಿ. ಊಟ ಕಡಿಮೆಯಾಗಿದ್ದೂ ಮೂರು ದಿನದಲ್ಲಿ 2 ಕಿಲೋ ಏರಿತು, ಪಾದ ಊದಿತು ಅಂದರೆ ಅದು ಮೈಯಲ್ಲಿ ನಿಂತ ನೀರು. ಡಾಕ್ಟರಿಗೆ ಫೋನ್ ಮಾಡಿ.

ವಾಂತಿ ಭೇದಿ ಜೋರಾದ ದಿನ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ಏರುಪೇರಾಗಬಹುದು. ಆ ದಿನ ಬಿಪಿ ಮಾತ್ರೆ ಕೊಡಬೇಕಾ ಅಂತಲೂ ಕೇಳಿಕೊಳ್ಳಿ, ನೀವಾಗಿಯೇ ನಿಲ್ಲಿಸಬೇಡಿ, ಕಣ್ಣುಮುಚ್ಚಿ ಕೊಡಲೂಬೇಡಿ. ಮೆಡಿಕಲ್ ಶಾಪ್‌ನಿಂದ ತರುವ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಹೃದಯಕ್ಕೂ ಕಿಡ್ನಿಗೂ ಒಳ್ಳೆಯದಲ್ಲ.

ತಿನ್ನುವುದರಲ್ಲಿ ಎರಡು ವಿಷಯ. ಒಂದು, ನಮ್ಮ ದೇವನಹಳ್ಳಿ ಚಕ್ಕೋತ. ಒಳ್ಳೆಯ ಹಣ್ಣೇ, ಆದರೆ ನಿಲೋಟಿನಿಬ್, ಇಬ್ರುಟಿನಿಬ್‌ನಂಥ ಕ್ಯಾನ್ಸರ್ ಮಾತ್ರೆಗಳು ಮತ್ತು ಕೊಲೆಸ್ಟ್ರಾಲ್‌ನ ಕೆಲವು ಮಾತ್ರೆಗಳು ದೇಹದಲ್ಲಿ ಒಡೆದು ಖಾಲಿಯಾಗುವುದನ್ನು ಅದು ತಡೆಯಬಹುದು. ಆಗ ರಕ್ತದಲ್ಲಿ ಔಷಧಿ ಬೇಕಾದ್ದಕ್ಕಿಂತ ಜಾಸ್ತಿಯಾಗುತ್ತದೆ. ಮಾತ್ರೆ ನಡೆಯುವಷ್ಟು ದಿನ ಬೇಡ. ಇನ್ನೊಂದು, ಗಂಟಲಿಗೆ ಅಂತ ಕುಡಿಯುವ ಅತಿಮಧುರದ ಕಷಾಯ. ದಿನಾ ಕುಡಿದರೆ ಅದು ಬಿಪಿ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ಆಗುವಷ್ಟು ನಡೆಯಲಿ, ಮನೆ ಮುಂದೆ ಹತ್ತು ನಿಮಿಷವಾದರೂ ಸರಿ.

ಕಾಯಬಾರದ ಲಕ್ಷಣ

ಎದೆ ಹಿಡಿದ ಹಾಗೆ ಆಗುವುದು, ಮಲಗಿದರೆ ಉಸಿರು ಕಟ್ಟುವುದು, ತಲೆ ತಿರುಗಿ ಬೀಳುವುದು, ಒಂದೇ ಕಾಲು ಊದಿ ನೋಯುವುದು, ಕೀಮೋ ಕೊಡಲು ಪೋರ್ಟ್ ಅಥವಾ ಲೈನ್ (ರಕ್ತನಾಳದೊಳಗೆ ಇಟ್ಟಿರುವ ಕೊಳವೆ) ಹಾಕಿದ ಕಡೆಯ ತೋಳು ಊದುವುದು. ಇದನ್ನೆಲ್ಲ ಗ್ಯಾಸ್, ಕೀಮೋ ಸುಸ್ತು ಅಂತ ತಳ್ಳಿಹಾಕಬೇಡಿ. ಎದೆನೋವು, ಉಸಿರು ಕಟ್ಟುವುದು ಅಥವಾ ತಲೆ ತಿರುಗಿ ಬಿದ್ದದ್ದಾದರೆ 108ಕ್ಕೆ ಕರೆ ಮಾಡಿ, ಉಳಿದದ್ದನ್ನು ಅದೇ ದಿನ ತೋರಿಸಿ.

ರಾಜ್ಯದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಹಾರ್ಟ್ ಅಟ್ಯಾಕ್‌ಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಜೀವ ಉಳಿಸುವ ಔಷಧಿ. ಆದರೆ ಅದು ರಕ್ತಸ್ರಾವ ಮಾಡಬಲ್ಲದು. ಹಾಗಾಗಿ ಬಾಗಿಲಲ್ಲೇ ಹೇಳಿ: ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದೆ, ಕೊನೆಯ ಕೀಮೋ ಇಂಥ ದಿನ, ಪ್ಲೇಟ್‌ಲೆಟ್ ಇಷ್ಟಿತ್ತು, ಮೆದುಳಿಗೆ ಹರಡಿದೆ ಅಥವಾ ಇಲ್ಲ, ಆಪರೇಷನ್ ಇಂಥ ತಿಂಗಳು ಆಗಿದೆ. ಆಸ್ಪಿರಿನ್ ಕೂಡ ಪ್ಲೇಟ್‌ಲೆಟ್ ಗೊತ್ತಿಲ್ಲದೆ ಮನೆಯಲ್ಲಿ ನೀವಾಗಿಯೇ ಕೊಡಬೇಡಿ.

ಚಿಕಿತ್ಸೆ ಮುಗಿದ ಮೇಲೆ

ಕೆಂಪು ಕೀಮೋ ಅಥವಾ ಟ್ರಾಸ್ಟುಜುಮಾಬ್ ಆದವರಿಗೆ ಮುಗಿದ ಒಂದು ವರ್ಷದೊಳಗೆ ಒಂದು ಎಕೋ ಬೇಕು. ಎದೆಗೆ ರೇಡಿಯೇಷನ್ ಆದವರಲ್ಲಿ ತೊಂದರೆ ಇಪ್ಪತ್ತು ವರ್ಷದ ಮೇಲೂ ಬರಬಹುದು. ಬಿಪಿ 130/80ರ ಒಳಗೆ ಇರಲಿ, ಶುಗರ್, ಕೊಲೆಸ್ಟ್ರಾಲ್ ವರ್ಷಕ್ಕೊಮ್ಮೆ ನೋಡಿಸಿ.

ಚಿಕ್ಕಂದಿನಲ್ಲಿ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್), ಲಿಂಫೋಮಾ ಗೆದ್ದ ಮಕ್ಕಳ ಬಗ್ಗೆ ನನಗೆ ಹೆಚ್ಚು ಕಾಳಜಿ. ಅವರು ದೊಡ್ಡವರಾಗಿ ಕಾಲೇಜು, ಕೆಲಸ, ಮದುವೆ ಅಂತ ಓಡಾಡುವಾಗ ಹಳೆಯ ಕೀಮೋ ಯಾರ ನೆನಪಲ್ಲೂ ಇರುವುದಿಲ್ಲ. ಡೋಸ್ ಎಷ್ಟಿತ್ತು ಅನ್ನುವುದರ ಮೇಲೆ ಎರಡರಿಂದ ಐದು ವರ್ಷಕ್ಕೊಮ್ಮೆ ಎಕೋ ಬೇಕಾಗುತ್ತದೆ. ಹೆಣ್ಣುಮಕ್ಕಳಾದರೆ ಗರ್ಭಿಣಿಯಾಗುವ ಮುಂಚೆ, ಇಲ್ಲವೇ ಆದ ಕೂಡಲೇ ಒಂದು ಎಕೋ ಮಾಡಿಸಿ, ಹೆರಿಗೆ ಡಾಕ್ಟರಿಗೆ ವಿಷಯ ಹೇಳಿ. ಹಳೆಯ ಸಮ್ಮರಿ ಕಳೆದುಹೋಗಿದ್ದರೆ ಚಿಕಿತ್ಸೆ ಆದ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಅರ್ಜಿ ಕೊಡಿ. ರೋಗಿಯ ನೋಂದಣಿ ಸಂಖ್ಯೆ ಗೊತ್ತಿದ್ದರೆ ಹುಡುಕುವುದು ಸುಲಭ, ಗೊತ್ತಿಲ್ಲದಿದ್ದರೆ ಹೆಸರು, ಊರು, ದಾಖಲಾದ ವರ್ಷ ಬರೆದು ಕೇಳಿ.